ಮಲಗಿದವನ ಕಣ್ಣಿನ ಎತ್ತರ

ನೂರು ವರ್ಷ ಯಾರದೋ ಮನೆಯ ಒಲೆಯ ಹೊಗೆ ಕುಡಿದು ಕರ್ರಗಾದ ಸಾಗವಾನಿ ತೊಲೆಯ ಮೇಲೆ ಬಡಿಗರು ರಂದಾ ಹೊಡೆದು ಒಂದು ಪದರ ಎತ್ತಿದರೆ, ಒಳಗಿನಿಂದ ಒಂದು ವಾಸನೆ ಬರುತ್ತದೆ. ಎಣ್ಣೆ ಹಚ್ಚಿ ಬಿಸಿಲಿಗಿಟ್ಟ ಹೊಸ ಚಪ್ಪಲಿಯ ವಾಸನೆಗೆ ಹತ್ತಿರ. ಮೂಸಿದವರೆಲ್ಲ ಚಲೋ ಐತಿ ಅನ್ನುತ್ತಾರೆ. ಇವತ್ತು ಬೆಳಿಗ್ಗೆ ಗಜೇಂದ್ರಗಡದ ನಮ್ಮ ಅಂಗಳದಲ್ಲಿ ಆ ವಾಸನೆ ಎದ್ದಾಗ ನಾನು ಮಾತ್ರ ಎದ್ದು ಹೋಗಿ ಆಫೀಸಿನ ಬಾಗಿಲು ಹಾಕಿಕೊಂಡೆ. ನೆಗಡಿ ಅಂತ ಹೇಳಿದೆ. ನನಗೆ ಸದಾ ಒಂದಿಲ್ಲೊಂದು ಇದ್ದೇ ಇರುವುದರಿಂದ ಯಾರೂ ಎರಡನೆಯ ಮಾತು ಕೇಳಲಿಲ್ಲ. ನಿಮಗೆ ಖರೆ ಕಾರಣ ಹೇಳುತ್ತೇನೆ: ಆ ವಾಸನೆಗೆ ನನಗೆ ರಾಜೂರಿನ ದಾವಲಸಾಬರ ಮನೆ ನೆನಪಾಗುತ್ತದೆ. ಆ ಮನೆಯನ್ನು ಕಟ್ಟಿದವರು ನಾವೇ.

ನಾವು ಅಂದರೆ ನಾನು ಮತ್ತು ನನ್ನ ಅಕ್ಕ ಶಕುಂತಲಾ. ನಮ್ಮ ಮೂಲ ನರಗುಂದ. ಅಕ್ಕ ಬೆಳಗಾವಿಗೆ ಹೋಗಿ ಕಟ್ಟಡ ವಿನ್ಯಾಸ ಓದಿ ಬಂದವಳು. ನಾನು ಅವಳ ಹಿಂದೆ ಟೇಪು ಹಿಡಿದುಕೊಂಡು ಅಡ್ಡಾಡುತ್ತ ಅರ್ಧ ಆಯುಷ್ಯ ಕಳೆದವನು. ರೋಣ, ನರಗುಂದದ ಕಡೆ ಜನ ಹಳೆಯ ಮನೆ ಕೆಡವಿ ಸಿಮೆಂಟಿನದು ಕಟ್ಟಿಸುವಾಗ ಅದರ ಕಂಬ, ತೊಲೆ, ಜಂತಿಗಳನ್ನು ನಾವು ತರುತ್ತೇವೆ. ಬೇಕಾದವರಿಗೆ ಬೇಕಾದ ಹಾಗೆ ಹೊಸ ನಕಾಶೆ ಹಾಕಿ ಅವುಗಳಿಂದ ಕಟ್ಟಿಗೆಯ ಮನೆ ಕಟ್ಟಿಕೊಡುತ್ತೇವೆ. ಸಂಸ್ಥೆಗೆ ಒಂದು ಇಂಗ್ಲಿಷ್ ಹೆಸರಿದೆ. ಬೋರ್ಡಿನ ಮೇಲೆ ಚಂದ ಕಾಣುತ್ತದೆ, ಬಾಯಲ್ಲಿ ಯಾರಿಗೂ ಹೊರಳುವುದಿಲ್ಲ. ಊರವರ ಪಾಲಿಗೆ ಅದು ‘ಕಟಗಿ ಮನಿ ಅಕ್ಕಾರ ಆಫೀಸು’. ನನಗೆ ಬೇರೆ ಹೆಸರೇ ಇಲ್ಲ. ‘ಅವರ ತಮ್ಮ’ ಅನ್ನುತ್ತಾರೆ. ತಲೆ ನೆರೆತ ಮೇಲೂ ತಮ್ಮನಾಗಿ ಉಳಿಯುವ ಸುಖ ಎಲ್ಲರಿಗೂ ಸಿಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಕಟ್ಟಿಗೆಯ ಮನೆ ಕಟ್ಟುವವನಿಗೆ ಚಿಂತೆಗೇನೂ ಬರವಿಲ್ಲ. ಗೆದ್ದಲು, ಬೆಂಕಿ, ನಮ್ಮ ಕಡೆಯ ಬಿಸಿಲಿಗೆ ಬಿಡುವ ಬಿರುಕು, ಮಳೆಗೆ ಉಬ್ಬಿ ಹಾಕಲು ಬಾರದ ಬಾಗಿಲು. ಇಷ್ಟು ಸಾಲದೆಂದು, ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಯೊಂದು ಕಳಚಿ ಬಂದು ನಾವು ಕಟ್ಟಿದ ಚಾವಣಿಯ ಮೇಲೆ ಬಿದ್ದರೆ ಹೇಗೆ ಎಂದೂ ನಾನು ಒಂದು ಬೇಸಿಗೆ ಪೂರ್ತಿ ಯೋಚಿಸಿದ್ದೇನೆ. “ಗೆದ್ದಲ ಔಷಧ ಮೊದಲ ನಿನ್ನ ತಲಿಗೆ ಹೊಡಸಬೇಕು” ಅನ್ನುತ್ತಾಳೆ ಅಕ್ಕ. ಅವಳು ಚಿಂತೆ ಮಾಡುವವಳಲ್ಲ. ಅವಳದು ತತ್ತ್ವ. “ಮನಿ ಅಂದ್ರ ಅಂಗಿ ಇದ್ದಂಗ. ಅಳತಿ ತಗೊಳ್ಳದ ಹೊಲಿಬಾರ್ದು” ಎಂಬುದು ಆ ತತ್ತ್ವದ ಸಾರ. ಯಾರ ಮನೆಗಾದರೂ ಒಂದೇ ಎತ್ತರಕ್ಕೆ ಕಿಟಕಿ ಇಟ್ಟು ಕೈತೊಳೆದುಕೊಳ್ಳುವ ಗೌಂಡಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಮನೆ ಕಟ್ಟಿಸುವವರು ಬಂದರೆ ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಕುಳ್ಳಿರಿಸಿ, ಚಾಪೆಯ ಮೇಲೆ ಮಲಗಿಸಿ, ಕಣ್ಣು ಎಲ್ಲಿಗೆ ಬರುತ್ತದೆ, ಕೈ ಎಲ್ಲಿಗೆ ಎಟುಕುತ್ತದೆ ಎಂದು ಅಳೆಯುತ್ತಾಳೆ. ಸವಡಿಯ ಒಬ್ಬ ದೊಡ್ಡ ಹೊಟ್ಟೆಯ ಗೌಡರು ಹಾಗೆ ಚಾಪೆಯ ಮೇಲೆ ಮಲಗಿದವರು ಏಳಲಾರದೆ, “ಮನಿ ಇಲ್ಲೇ ಕಟ್ಟಿಬಿಡ್ರಿ ಅಕ್ಕಾರ, ನಾ ಇನ್ನ ಏಳಂಗಿಲ್ಲ” ಅಂದಿದ್ದರು. ಹೀಗೆ ನಗುನಗುತ್ತ ನಡೆಯುವ ಕೆಲಸ ಅದು.

ದಾವಲಸಾಬರು ಬಂದದ್ದೂ ನಗುತ್ತಲೇ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹೆಂಡತಿ ಖೈರೂನಬಿಯ ಹೆಗಲ ಮೇಲೆ. ಎತ್ತಿನ ದಲಾಲಿ ಅವರ ಕಸುಬು. ಈ ಸೀಮೆಯ ಎತ್ತಿನ ಸಂತೆಗಳಲ್ಲಿ ಅವರ ದನಿ ಕೇಳದ ರೈತನಿಲ್ಲ ಅನ್ನುತ್ತಿದ್ದರು. ಕೋಲಿನಿಂದ ಅಂಗಳದ ಒಂದೊಂದು ತೊಲೆಯನ್ನೂ ಬಡಿದು ನೋಡಿ, “ಇದಕ್ಕ ಎಷ್ಟ ಹಲ್ಲು ಆಗ್ಯಾವ್ರಿ?” ಎಂದು ಎತ್ತಿನ ವಯಸ್ಸು ವಿಚಾರಿಸುವ ಹಾಗೆ ಕೇಳಿದರು. ಆಮೇಲೆ ಕುರ್ಚಿಯ ಮೇಲೆ ಕೂತು, ಎಳೆಯುತ್ತಿದ್ದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮುಂದೆ ಇಟ್ಟುಕೊಂಡರು. ಒಂದು ಸಾಮಾನನ್ನು ಸರಿಸಿ ಇಡುವ ಹಾಗೆ.

“ನರದ ಜಡ್ಡು ಅಂತ್ರಿ. ಹುಬ್ಬಳ್ಳಿ ದವಾಖಾನ್ಯಾಗ ಹೇಳ್ಯಾರ” ಅಂದರು. “ಮೊದಲ ಕಾಲು, ಆಮ್ಯಾಲ ಕೈ, ಆಮ್ಯಾಲ ಬಾಯಿ. ಕಣ್ಣು ಕಡೀತನಾ ಇರ್ತಾವಂತ. ಬುದ್ಧೀನೂ ಇರ್ತೈತಂತ. ಅದ ನೋಡ್ರಿ ತ್ರಾಸು.”

ಅವರೇ ಮುಂದುವರಿಸಿದರು. “ನಮ್ಮ ತಮ್ಮ ಹುಸೇನ ಸಿಮೆಂಟಿನ ಮನಿ ಕಟ್ಟಿಸ್ಯಾನ. ಚಲೋ ಐತಿ. ಆದ್ರ ಅದರಾಗ ಒಂದ ಕಿಟಕಿ ಸರಸಬೇಕಂದ್ರ ಗ್ವಾಡಿ ಒಡೀಬೇಕು. ನಿಮ್ಮ ಮನಿಗೆ ಮೊಳಿ ಇರಂಗಿಲ್ಲಂತ, ಕಟಗಿ ಗೂಟದ ಮ್ಯಾಲೆ ನಿಂತಿರ್ತೈತಂತ, ಗೂಟ ಕಿತ್ತು ಹ್ಯಾಂಗ ಬೇಕಾದ್ರ ಹಂಗ ಸರಸಬಹುದಂತ. ಖರೇ ಏನ್ರಿ?”

“ಖರೇ” ಅಂದಳು ಅಕ್ಕ.

“ನನ್ನ ಮೈ ತಿಂಗಳಿಗೊಂದ ತರಾ ಆಗೂದೈತಿ. ಅದರ ಜೋಡಿ ಹೊಂದಿಕೊಂಡು ಹೋಗೂ ಮನಿ ಬೇಕ್ರಿ ಅಕ್ಕಾರ.”

ಅಕ್ಕನ ಮುಖ ನೋಡಿದೆ. ಇಷ್ಟು ವರ್ಷ ತನ್ನ ತತ್ತ್ವವನ್ನು ಊರ ಜನರಿಗೆ ತಿಳಿಸಲು ಹೆಣಗಿದವಳ ಮುಂದೆ, ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲ ಗಿರಾಕಿ ಬಂದು ಕೂತಿದ್ದ. ನನಗೆ ಆಗ ಬಂದ ಚಿಂತೆಯನ್ನು ಹೇಳಿದರೆ ನಗುತ್ತೀರಿ. ಅವರ ಜಾಗ ಗಜೇಂದ್ರಗಡದ ದಾರಿಗೇ ಹತ್ತಿ ಇತ್ತು. ದೂಳು ಕೂತು ಕಟ್ಟಿಗೆಯ ಬಣ್ಣ ಕೆಡುತ್ತದಲ್ಲ ಎಂದು ನಾನು ಯೋಚಿಸುತ್ತಿದ್ದೆ. ಬಾಯಿಬಿಟ್ಟು ಕೇಳಿಯೂ ಬಿಟ್ಟೆ, ದಾರಿಯಿಂದ ಸ್ವಲ್ಪ ಹಿಂದಕ್ಕೆ ಕಟ್ಟಿದರೆ ಹೇಗೆ ಎಂದು.

ಅವರ ನಗು ಅಷ್ಟಕ್ಕೆ ನಿಂತಿತು. “ಹಿಂದಕ ಬ್ಯಾಡ್ರಿ. ನಮ್ಮಪ್ಪಗೂ ಲಕ್ವಾ ಹೊಡದಿತ್ತು. ಹಿಂದಿನ ಖೋಲ್ಯಾಗ, ಹೊಟ್ಟಿನ ಚೀಲದ ಬಾಜೂಕ ಹಾಕಿದ್ವಿ. ಊಟ ಕೊಟ್ವಿ, ಔಷಧ ಕೊಟ್ವಿ, ಯಾವುದಕ್ಕೂ ಕಡಿಮಿ ಮಾಡ್ಲಿಲ್ಲ. ಆದ್ರ ಮನಿಗೆ ಬಂದವರು, ಮುದುಕ ಹ್ಯಾಂಗ ಅದಾನು ಅಂತ ಕೇಳೂದು ಬಿಟ್ರು. ನಾವೂ ಹೇಳೂದು ಬಿಟ್ವಿ. ಅವ ಸತ್ತಾಗ ಓಣ್ಯಾಗ ಕೆಲವ್ರು, ಇನ್ನಾ ಇದ್ನೇನು ಅಂದ್ರು. ನನಗ ದಾರಿ ಕಾಣಬೇಕ್ರಿ. ದಾರೀಲೆ ಹೋಗೋರು ನನಗ ಕಾಣಬೇಕು, ನಾ ಅವ್ರಿಗೆ ಕಾಣಬೇಕು. ಬ್ಯಾರೆ ಏನೂ ಕೇಳಂಗಿಲ್ಲ.”

ಅಕ್ಕ ಅವರ ಅಳತೆ ತೆಗೆದುಕೊಂಡಳು. ನಿಂತು, ಕೂತು, ಕೋಲಿಲ್ಲದೆ, ಕೋಲು ಹಿಡಿದು. ರೂಢಿಯಂತೆ ಹೆಂಡತಿಯನ್ನೂ ಕರೆದಳು. ಖೈರೂನಬಿ ಗೇಟಿನ ಹತ್ತಿರ ಚೀಲ ಹಿಡಿದು ನಿಂತಿದ್ದವರು ಅಲ್ಲಿಂದ ಕದಲಲಿಲ್ಲ.

“ನನ್ನ ಅಳತಿ ಯಾಕ್ರಿ ಅಕ್ಕಾರ? ಜಡ್ಡು ಅವ್ರಿಗೈತಿ. ನಾ ಬಗ್ಗತೀನಿ, ಏಳತೀನಿ. ನಂದೇನು.”

“ಆಕಿ ಎಲ್ಲಾದಕ್ಕೂ ಬಗ್ಗತಾಳ್ರಿ, ನನಗೊಬ್ಬವಗ ಬಿಟ್ಟು” ಅಂದರು ದಾವಲಸಾಬರು.

“ಬಗ್ಗಿದ್ರ ಎತ್ತಿನ ಜೋಡಿ ನನ್ನೂ ಸಂತ್ಯಾಗ ನಿಲ್ಲಸ್ತಿದ್ರಿ.”

ಎಲ್ಲರೂ ನಕ್ಕೆವು. ಅಕ್ಕ ನಗುತ್ತಲೇ ಟೇಪು ಸುತ್ತಿ ಒಳಗಿಟ್ಟಳು.

ಕಿಟಕಿ ನೆಲದಿಂದ ಎಷ್ಟು ಎತ್ತರಕ್ಕೆ ಇರಬೇಕು ಎಂಬ ಮಾತು ಬಂದಾಗ ದಾವಲಸಾಬರು ಹೆಗಲ ಮೇಲಿನ ಟಾವೆಲ್ ತೆಗೆದು ನನ್ನ ಬಲಗೈ ಮೇಲೆ ಹಾಕಿ, ತಮ್ಮ ಕೈಯನ್ನು ಅದರ ಕೆಳಗೆ ತೂರಿಸಿದರು. ಸಂತೆಯಲ್ಲಿ ದಲಾಲರು ವ್ಯವಹಾರ ಮುಗಿಸುವುದು ಹೀಗೆಯೇ, ಬಟ್ಟೆಯ ಕೆಳಗೆ ಬೆರಳು ಹಿಡಿದು, ಸುತ್ತ ನಿಂತವರಿಗೆ ತಿಳಿಯದ ಹಾಗೆ. “ಎಷ್ಟ ಗೇಣು ಇಡ್ತೀರಿ? ಬಾಯಿಲೆ ಹೇಳಬ್ಯಾಡ್ರಿ. ಬಾಯಿಲೆ ಆದ ಯಾಪಾರ ಬಾಯಾಗ ಕೆಡತೈತಿ.” ನಾನು ಅವರ ನಾಲ್ಕು ಬೆರಳು ಹಿಡಿದೆ. ಅವರು ಒಂದನ್ನು ಮಡಚಿಕೊಂಡರು. ಮೂರು ಗೇಣು. ಆ ಬೆರಳು ಪೂರ್ತಿ ಮಡಚಲಿಲ್ಲ, ನಡುವೆ ನಿಂತು ನಡುಗಿತು. ನಾನೇ ಅದನ್ನು ಮೆಲ್ಲಗೆ ಮಡಚಿದೆ. ಟಾವೆಲ್ ಇತ್ತಾದ್ದರಿಂದ ಯಾರಿಗೂ ಕಾಣಲಿಲ್ಲ.

ಯಾವ ಮನೆಯನ್ನಾದರೂ ನಾವು ಮೊದಲು ನಮ್ಮ ಅಂಗಳದಲ್ಲೇ ಒಮ್ಮೆ ನಿಲ್ಲಿಸುತ್ತೇವೆ. ಕಂಬ, ತೊಲೆ, ಬಾಗಿಲು, ಕಿಟಕಿ ಎಲ್ಲ ಜೋಡಿಸಿ, ಯಜಮಾನರನ್ನು ಕರೆಸಿ ತೋರಿಸಿ, ಒಪ್ಪಿದ ಮೇಲೆ ಬಿಚ್ಚಿ ಒಯ್ಯುತ್ತೇವೆ. ಗೋಡೆಯಿಲ್ಲದ, ಚಾವಣಿಯಿಲ್ಲದ ಆ ಅಸ್ಥಿಪಂಜರದೊಳಗೆ ಜನ ಬಹಳ ಗಂಭೀರವಾಗಿ ಓಡಾಡುತ್ತಾರೆ; ಇಲ್ಲದ ಗೋಡೆಗೆ ತಾಗದಂತೆ ಸರಿದು ನಡೆಯುತ್ತಾರೆ. ತಮ್ಮ ಮನೆ ನೋಡಲು ದಾವಲಸಾಬರು ಬಂದದ್ದು ಗಾಲಿಕುರ್ಚಿಯಲ್ಲಿ. ನಾವು ಕುರ್ಚಿಗೆಂದೇ ಬಾಗಿಲು ಅಗಲ ಮಾಡಿದ್ದೆವು, ಹೊಸ್ತಿಲು ತೆಗೆದಿದ್ದೆವು. ಕುರ್ಚಿ ಸಲೀಸಾಗಿ ಒಳಗೆ ಬಂತು. ಕಿಟಕಿಯ ಮುಂದೆ ನಿಲ್ಲಿಸಿದೆವು. ಆದರೆ ಈ ನಡುವೆ ಅವರ ಕುತ್ತಿಗೆ ಎದೆಯ ಕಡೆ ಬಾಗತೊಡಗಿತ್ತು. ಮೂರು ಗೇಣಿನ ಲೆಕ್ಕ ಹಾಕಿದಾಗ ಇದ್ದ ಕಣ್ಣು ಅಲ್ಲಿರಲಿಲ್ಲ. ಅವರ ಮುಂದೆ ಬಂದದ್ದು ಕಿಟಕಿಯ ಕೆಳಗಿನ ಹಲಗೆ.

“ಹಲಗಿ ಭಾಳ ಚಲೋ ಐತ್ರಿ” ಅಂದರು.

ನಮ್ಮ ಬಡಿಗ ಮೌನೇಶ ಕಿಟಕಿಯ ಚೌಕಟ್ಟು ಕಿತ್ತು ಕೆಳಗಿಳಿಸಿದ. ಮುಂದಿನ ತಿಂಗಳು ಮತ್ತೆ ಇಳಿಸಿದ. “ಇದು ಮನ್ಯೋ ಹಾರ್ಮೋನಿಯಂ ಪೆಟಗ್ಯೋ ಅಕ್ಕಾರ? ಬಂದಾಗೊಮ್ಮೆ ಸುರ ಬದ್ಲಿ ಮಾಡ್ತೀರಿ” ಎಂದು ಗೊಣಗಿದ. ಮನೆ ರಾಜೂರಿಗೆ ಹೋಗಿ ನಿಲ್ಲುವ ಹೊತ್ತಿಗೆ ದಾವಲಸಾಬರು ಕೂಡುವುದೂ ನಿಂತಿತ್ತು. ತಮ್ಮನ ಮನೆಯ ಮಂಚದಿಂದ ಏಳುತ್ತಿರಲಿಲ್ಲ. ಕೂತವನಿಗೆಂದು ಅಷ್ಟು ಕಷ್ಟಪಟ್ಟು ಮಾಡಿದ ಮನೆ ಇನ್ನು ಮಲಗಿದವನಿಗೆ ಒದಗಬೇಕಿತ್ತು.

ಅಕ್ಕ ಆ ವಾರ ಊಟ ತಿಂಡಿ ಬಿಟ್ಟು ನಕಾಶೆಯ ಮೇಲೆ ಬಿದ್ದಳು. ದಾರಿಯ ಕಡೆ, ಮಂಚದ ಉದ್ದಕ್ಕೂ ಒಂದೇ ಕಿಟಕಿ ಮಾಡಿದಳು, ಮಲಗಿದವನ ಕಣ್ಣಿನ ಎತ್ತರಕ್ಕೆ. ಅಲ್ಲಿಂದ ಮೇಲೆ ಚಾವಣಿಯವರೆಗೆ ಹಲಗೆ. ಇಳಿಹೊತ್ತಿನ ಬಿಸಿಲು ಮುಖಕ್ಕೆ ಹೊಡೆದರೆ ಅವರು ಮುಖ ತಿರುಗಿಸಿಕೊಳ್ಳಲಾರರು ಎಂದು ಆ ಕಡೆಯ ತೊಲೆಯನ್ನೇ ತಗ್ಗಿಸಿ ಮಾಡು ಇಳಿಸಿದಳು. ಹೆಂಡತಿ ಒಳಗೆ ಅಡುಗೆ ಮಾಡುತ್ತಿರುವುದು ಮಲಗಿದಲ್ಲಿಂದಲೇ ಕಾಣಲಿ ಎಂದು ಒಲೆಯ ಕಟ್ಟೆಯನ್ನು ಕೂತು ಅಡುಗೆ ಮಾಡುವ ಮಟ್ಟಕ್ಕೆ ತಂದಳು. ತೊಲೆ ತಗ್ಗಿದ್ದಕ್ಕೆ ನಡುವಿನ ಬಾಗಿಲನ್ನೂ ಗಿಡ್ಡ ಮಾಡಿ, ನೋಟಕ್ಕೆ ಅಡ್ಡವಾಗದಂತೆ ಅಗಲ ಮಾಡಿದಳು. ಹಲಗೆಯ ಒಂದೊಂದು ಸಂದೂ ಆ ಒಂದು ದಿಂಬಿನ ಕಡೆ ನೋಡುತ್ತಿತ್ತು. ಅವಳ ಕೆಲಸದಲ್ಲೆಲ್ಲ ಅದೇ ಉತ್ತಮವಾದದ್ದು. ಆಗಲೂ ಹಾಗನಿಸಿತ್ತು, ಈಗಲೂ ಹಾಗೇ ಅನಿಸುತ್ತದೆ. ಹೇಳಲು ಮಾತ್ರ ಈಗ ನಾಲಿಗೆ ಏಳುವುದಿಲ್ಲ.

ಮೊದಲ ಕೆಲವು ತಿಂಗಳು ಆ ಕಿಟಕಿ ಒಂದು ಚಹಾದಂಗಡಿಯಂತೆ ನಡೆಯಿತು. ದಿಂಬಿನ ಮೇಲೆ ಗದ್ದವಿಟ್ಟು ದಾವಲಸಾಬರು ದಾರಿಯ ಜನರನ್ನು ಹೆಸರು ಹಿಡಿದು ಕೂಗುತ್ತಿದ್ದರು. ಜನ ಬಗ್ಗಿ, ಮೊಣಕಾಲ ಮೇಲೆ ಕೈಯೂರಿ ಮಾತಾಡುತ್ತಿದ್ದರು. “ಈಗ ನೋಡ್ರಿ, ಗೌಡನೂ ಬಗ್ಗತಾನ, ಪೂಜಾರಿನೂ ಬಗ್ಗತಾನ. ನನ್ನಷ್ಟ ದೊಡ್ಡ ಮನಶ್ಯಾ ರಾಜೂರಾಗ ಯಾರೂ ಇಲ್ಲ” ಅನ್ನುತ್ತಿದ್ದರು. ಎತ್ತು ಕೊಳ್ಳುವವರು, ಮಾರುವವರು ಕಿಟಕಿಗೇ ಬಂದರು. ದಾವಲಸಾಬರ ಕೈಯನ್ನು ಕಿಟಕಿಯ ಹಲಗೆಯ ಮೇಲೆಳೆದುಕೊಂಡು, ಟಾವೆಲ್ ಹೊದಿಸಿ, ಅದರೊಳಗೆ ತಾವಿಬ್ಬರೇ ಬೆರಳು ಹಿಡಿದು ವ್ಯಾಪಾರ ಮುಗಿಸಿಕೊಂಡು, “ಸಾಬರ ಮುಗಿಸಿಕೊಟ್ರು” ಅನ್ನುತ್ತಿದ್ದರು. ಅವರ ಬೆರಳು ಆಗಲೇ ಹಿಡಿತ ಬಿಟ್ಟಿದ್ದವು. ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ನಾನು ಹದಿನೈದು ದಿನಕ್ಕೊಮ್ಮೆ ಗೆದ್ದಲು ನೋಡುವ ನೆಪದಲ್ಲಿ ಹೋಗುತ್ತಿದ್ದೆ. ಒಳಗೆ ಹೋಗುವಾಗ ತಗ್ಗಿದ ತೊಲೆಗೆ ನನ್ನ ಹಣೆ ತಪ್ಪದೆ ಬಡಿಯುತ್ತಿತ್ತು. “ನಮ್ಮ ತೊಲಿಗೆ ಗೆದ್ದಲ ಹತ್ತಂಗಿಲ್ಲ, ನಿಮ್ಮ ತಲಿ ಹತ್ತತೈತಿ” ಅಂತ ದಾವಲಸಾಬರು ನಗುತ್ತಿದ್ದರು. ಖೈರೂನಬಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಎದ್ದು ಚಹಾ ತರುವಾಗ ನಡುವಿನ ಬಾಗಿಲಲ್ಲಿ ಬಗ್ಗುತ್ತಿದ್ದರು, ತೊಲೆಯ ಕೆಳಗೆ ಬಗ್ಗುತ್ತಿದ್ದರು, ಮಂಚದ ಹತ್ತಿರ ಮತ್ತೆ ಬಗ್ಗುತ್ತಿದ್ದರು. ಅವರ ಹಣೆ ಎಲ್ಲಿಯೂ ಬಡಿಯುತ್ತಿರಲಿಲ್ಲ. ಎಷ್ಟು ಲಗೂ ರೂಢಿಯಾಯಿತಲ್ಲ ಎಂದು ನಾನು ಮೆಚ್ಚಿಕೊಂಡಿದ್ದೂ ಉಂಟು.

ಆಮೇಲೆ ಮಾತು ಹೋಯಿತು. ಒಮ್ಮೆಗೇ ಹೋಗಲಿಲ್ಲ; ಮೊದಲು ದಪ್ಪವಾಯಿತು, ಆಮೇಲೆ ಖೈರೂನಬಿಗೆ ಮಾತ್ರ ತಿಳಿಯುವಂತಾಯಿತು, ಆಮೇಲೆ ಅವರಿಗೂ ತಿಳಿಯದಾಯಿತು. ಕಣ್ಣು ಉಳಿದವು. ಜನ ಆಗಲೂ ಬಗ್ಗಿದರು. ಮಳೆಯ ಸುದ್ದಿ, ಸಂತೆಯ ಸುದ್ದಿ ಹೇಳಿ ಉತ್ತರಕ್ಕೆ ಕಾಯುತ್ತಿದ್ದರು. ಉತ್ತರ ಬರುವುದಿಲ್ಲ ಎಂದು ನೆನಪಾಗಿ, “ಬರ್ತೀನ್ರಿ ಹಂಗಾರ” ಎಂದು ಎದ್ದು ಹೋಗುತ್ತಿದ್ದರು. ಮಾತಾಡದವನ ಜೊತೆ ಮಾತಾಡುವುದು ಬಹಳ ದಣಿವಿನ ಕೆಲಸ. ನನಗೂ ಆಗುತ್ತಿತ್ತು. ನಾನು ಗೆದ್ದಲು ನೋಡುವ ದಿನಗಳೂ ಅಂತರ ಹೆಚ್ಚಿಸಿಕೊಂಡವು.

ಒಂದು ದಿನ ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಅವರು ನೋಡುತ್ತಿದ್ದ ಕಡೆಗೇ ನೋಡುತ್ತಿದ್ದೆ. ಜಕ್ಕಲಿಯ ಒಬ್ಬ ರೈತ, ಅವರ ಹಳೆಯ ಗಿರಾಕಿ, ದೂರದಿಂದ ನಡೆದು ಬರುತ್ತಿದ್ದ. ಕಿಟಕಿ ಇನ್ನೇನು ಬಂತು ಅನ್ನುವಾಗ ದಾರಿ ದಾಟಿ ಆಚೆ ಬದಿಗೆ ಹೋದ. ಫೋನು ಕಿವಿಗಿಟ್ಟುಕೊಂಡ. ದಾಟಿದ ಮೇಲೆ ಮತ್ತೆ ಈಚೆ ಬದಿಗೆ ಬಂದ, ಫೋನು ಜೇಬಿಗೆ ಇಳಿಯಿತು. ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು, ಅಕ್ಕ ಕಿಟಕಿಯನ್ನು ಅಷ್ಟು ಚೆನ್ನಾಗಿ ಮಾಡಿದ್ದಳು. ದಾವಲಸಾಬರ ಕಣ್ಣು ಅವನ ಜೊತೆಗೇ ದಾರಿಯ ಆಚೆಗೂ ಹೋಗಿ, ಈಚೆಗೂ ಬಂದು, ಅವನು ಮರೆಯಾಗುವವರೆಗೆ ಹೋಗಿ ನಿಂತವು. ಅವರು ಮುಖ ತಿರುಗಿಸಿಕೊಳ್ಳಲಾರರು. ನಾನು ತಿರುಗಿಸಿಕೊಂಡೆ.

ಮಳೆಗಾಲದ ಕೊನೆಗೆ ಹೋದರು. ಉಸಿರಿನ ಸ್ನಾಯುವೂ ಕೈಬಿಟ್ಟಿತು ಅಂದರು ಡಾಕ್ಟರು. ಮಣ್ಣಿಗೆ ಊರೆಲ್ಲ ಬಂದಿತ್ತು, ಆ ಜಕ್ಕಲಿಯವನೂ ಬಂದಿದ್ದ. ಅವನು ಎಲ್ಲರಿಗಿಂತ ಹೆಚ್ಚು ಅತ್ತ.

ಗಂಡ ತೀರಿದ ಮೇಲೆ ಹೆಂಡತಿ ಇದ್ದತ್ತು ಕೂಡಬೇಕು. ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ, ಪರ ಗಂಡಸರ ಮುಂದೆ ಬರುವಂತಿಲ್ಲ. ಹೀಗಾಗಿ ನಾನು ಹೋಗಲಿಲ್ಲ. ಅಕ್ಕ ಒಂದು ಸಂಜೆ ಹೋಗಿ ಬಂದಳು. ಬಂದವಳು ಅಂಗಳದಲ್ಲಿ ಒಂದು ತೊಲೆಯ ಮೇಲೆ ಕೂತಳು. ಚಹಾ ಕೊಟ್ಟೆ, ಹಿಡಿದುಕೊಂಡಳು, ಕುಡಿಯಲಿಲ್ಲ.

“ತಮ್ಮಾ, ಆಕಿ ಅವರ ಜಾಗಾದಾಗ ಮಲಗಿದ್ಲು.”

“ಮೈಯಾಗ ಆರಾಮಿಲ್ಲೇನು?”

“ಆರಾಮದಾಳ. ದಾರಿ ನೋಡಾಕ ಮಲಗಿದ್ಲು. ಹೊರಗ ಹೋಗೂವಂಗಿಲ್ಲ. ನಿಂತ್ರ ಮಾರಿಗೆ ಹಲಗಿ. ಕುಂತ್ರ ಬರೇ ಮಾಡಿನ ಅಂಚು ಕಾಣತೈತಿ. ಆ ಮನ್ಯಾಗ ಹೊರಗ ಏನರ ಕಾಣಬೇಕಂದ್ರ ಅವರ ದಿಂಬಿನ ಮ್ಯಾಲ ತಲಿ ಇಟ್ಟು ಮಲಗಬೇಕು. ಬ್ಯಾರೆ ಎಲ್ಲೂ ಕಾಣಂಗಿಲ್ಲ.” ಚಹಾದ ಲೋಟ ಕೆಳಗಿಟ್ಟು ಅಂದಳು: “ಅಷ್ಟ ಬರೋಬ್ಬರಿ ಮಾಡೀನಿ ನಾ.”

ಇದ್ದತ್ತು ಮುಗಿದ ಮೇಲೆ ಇಬ್ಬರೂ ಹೋದೆವು. ಖೈರೂನಬಿ ಹಿತ್ತಲಿನ ನಲ್ಲಿಯಿಂದ ಕೊಡ ತರುತ್ತಿದ್ದರು. ಹಿತ್ತಲಿನಲ್ಲಿ ತೊಲೆಯಿಲ್ಲ, ಬಾಗಿಲಿಲ್ಲ, ಮೇಲೆ ಬರೀ ಬಯಲು ಆಕಾಶ. ಅಲ್ಲಿಯೂ ಅವರು ನಡು ಬಗ್ಗಿಸಿ, ಕುತ್ತಿಗೆ ಒಂದು ಬದಿಗೆ ವಾಲಿಸಿ, ಇಲ್ಲದ ಯಾವುದೋ ತೊಲೆಯ ಕೆಳಗೆ ನುಸುಳುವವರ ಹಾಗೆ ನಡೆದು ಬಂದರು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಚಿಕ್ಕಂದಿನ ನಂತರ ಅವಳು ಹಾಗೆ ಹಿಡಿದದ್ದು ಇಲ್ಲ.

ಕಿಟಕಿ ಎತ್ತರಿಸಿ, ತೊಲೆ ಮೇಲಕ್ಕೊಯ್ದು, ಒಲೆಯ ಕಟ್ಟೆ ಸರಿ ಮಾಡಿಕೊಡುತ್ತೇವೆ ಎಂದು ಅಕ್ಕ ಹೇಳಿದಳು. ಪಕ್ಕದ ಮನೆಯಿಂದ ಬಂದ ಹುಸೇನಸಾಬರು ಕೇಳಿಸಿಕೊಂಡರು. ಅಣ್ಣನನ್ನು ಕೊನೆಯವರೆಗೆ ಎತ್ತಿ ಇಳಿಸಿದ ಮನುಷ್ಯ, ಕಿಟಕಿಗೆ ಅಡ್ಡ ಬಂದು ನಿಂತರು.

“ನಮ್ಮಣ್ಣನ ಕಣ್ಣಿದ್ದ ಜಾಗಾ ಅದು. ಅದಕ್ಕ ಹಲಗಿ ಬಡೀತೀರೇನ್ರಿ? ಊರ ಮಂದಿ ಏನಂದಾರು?”

“ಊರ ಮಂದಿ ಒಳಗ ಇರಂಗಿಲ್ಲಪಾ ಹುಸೇನ, ನಾ ಇರ್ತೀನಿ” ಅಂದರು ಖೈರೂನಬಿ. “ನೀ ಒಂದ ವಾರ ಇಲ್ಲೆ ರೊಟ್ಟಿ ಬಡಿ. ಆಮ್ಯಾಲ ಬ್ಯಾಡ ಅನ್ನು, ಬಿಡ್ತೀನಿ.”

ಹುಸೇನಸಾಬರು ಮಂಚದ ಕಡೆ ನೋಡಿದರು. ಹೊರಗೆ ಹೋಗುವಾಗ ತೊಲೆ ಬಡಿಯಿತು. ಹಣೆ ಒತ್ತಿಕೊಂಡೇ ಹೋದರು.

ಅಕ್ಕ ಟೇಪು ಬಿಚ್ಚಿದಳು. “ಬರ್ರಿ. ಈ ಕಂಬಕ್ಕ ನಿಲ್ರಿ. ಈ ಸಲ ಎಲ್ಲಾ ನಿಮ್ಮ ಅಳತಿಗೇ ಮಾಡ್ತೀನಿ. ಒಂದ ಬೆರಳಿನಷ್ಟೂ ಫರಕ ಬರಂಗಿಲ್ಲ.”

ಖೈರೂನಬಿ ಬರಲಿಲ್ಲ. ಟೇಪಿನ ಕಡೆ ನೋಡಿದರು, ಆಮೇಲೆ ಅಕ್ಕನ ಕಡೆ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತೇನೋ.

“ನನ್ನ ಅಳತಿ ಬ್ಯಾಡ್ರಿ ಅಕ್ಕಾರ. ಅವರ ಅಳತಿಗೆ ಮಾಡಿದ್ರಿ, ನಾ ಬಗ್ಗಿದೆ. ಬ್ಯಾಸರಿಲ್ಲ, ಅವ್ರಿಗಾಗಿ ಬಗ್ಗಿದೆ. ನನ್ನ ಅಳತಿಗೆ ಮಾಡಿದ್ರ ನನ್ನ ಹಿಂದ ಇದರಾಗ ಯಾರ ಬರ್ತಾರೋ, ಅವ್ರು ಬಗ್ಗಬೇಕಾಕ್ಕೈತಿ. ಎಲ್ಲಾರ ಮನ್ಯಾಗ ಹ್ಯಾಂಗ ಇರ್ತಾವ, ಹಂಗ ಮಾಡ್ರಿ. ಯಾರ ಅಳತೀನೂ ಅಲ್ಲದ್ದು.”

ಅಂಥ ಕಿಟಕಿಯ ಎತ್ತರ ನಮಗೆ ಗೊತ್ತಿರಲಿಲ್ಲ. ನಂಬುತ್ತೀರೋ ಇಲ್ಲವೋ, ಇಷ್ಟು ವರ್ಷ ಮನೆ ಕಟ್ಟಿದವರಿಗೆ ಸುಮ್ಮನೆ ಒಂದು ಮನೆಯ ಕಿಟಕಿ ಎಷ್ಟು ಎತ್ತರಕ್ಕಿರುತ್ತದೆ ಎಂದು ಖಾತ್ರಿಯಾಗಿ ಹೇಳಲು ಬರಲಿಲ್ಲ. ಅಕ್ಕ ಟೇಪು ಹಿಡಿದು ಓಣಿಗೆ ಹೋದಳು. ಗೌಂಡಿಗಳು ಕಟ್ಟಿದ ಮನೆಗಳ ಬಾಗಿಲು ತಟ್ಟಿ, “ನಿಮ್ಮ ಕಿಟಕಿ ಒಂದ ಸ್ವಲ್ಪ ಅಳೀಲ್ರಿ?” ಎಂದು ಕೇಳುತ್ತ ಹೋದಳು. ನಾನು ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ. ಒಬ್ಬ ಮುದುಕಿ, ಸರಕಾರದವರು ರಸ್ತೆಗಾಗಿ ಮನೆ ಒಡೆಯಲು ಬಂದರೆಂದು ತಿಳಿದು ಶಾಪ ಹಾಕಿದಳು. ಬೇರೆ ದಿನವಾಗಿದ್ದರೆ ಇದನ್ನು ಹೇಳಿಕೊಂಡು ನಾವಿಬ್ಬರೂ ವರ್ಷವಿಡೀ ನಗುತ್ತಿದ್ದೆವು.

ಕೆಲಸ ಬೇಗ ಮುಗಿಯಿತು. ಗೂಟ ಕಿತ್ತರೆ ಸರಿಯುವ ಮನೆ ಅದು, ದಾವಲಸಾಬರು ಕೇಳಿ ಮಾಡಿಸಿಕೊಂಡಿದ್ದೇ ಹಾಗೆ. ಈಗ ಯಾರು ಮನೆ ಕಟ್ಟಿಸಲು ಬಂದರೂ ಅಕ್ಕ ಅಳತೆ ತೆಗೆದುಕೊಳ್ಳುತ್ತಾಳೆ. ಅಂಗಿಯ ಮಾತು ಆಡುವುದು ಮಾತ್ರ ಬಿಟ್ಟಿದ್ದಾಳೆ. ನಾನು ರಾಜೂರಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಓಡಾಡುತ್ತಿದ್ದೆ. ಜಕ್ಕಲಿಯ ರೈತನನ್ನು ಬೈಯಲು ನನಗೆ ಬಾಯಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತರೂ ವಾಸನೆ ಸಂದಿಯಿಂದ ಬರುತ್ತಲೇ ಇತ್ತು. ಊಟದ ಹೊತ್ತಿಗೆ ಎದ್ದು ಗಾಡಿ ತೆಗೆದು ನೇರ ದಾರಿಯಲ್ಲೇ ಹೋದೆ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಬಗ್ಗಿ ನೋಡಿದೆ. ಎದುರಿಗೆ ಹಲಗೆ ಇತ್ತು.

“ಇಲ್ಲಿ ಮ್ಯಾಲ ಅದೀನ್ರಿ ಅಣ್ಣಾರ” ಎಂದು ದನಿ ಬಂತು.

ಖೈರೂನಬಿ ಕಿಟಕಿಯಲ್ಲಿ ನಿಂತಿದ್ದರು. ಬೆನ್ನು ಪೂರ್ತಿ ನೆಟ್ಟಗಾಗಿಲ್ಲ, ಆಗುವುದೂ ಇಲ್ಲ ಅಂದಿದ್ದಾರಂತೆ ಡಾಕ್ಟರು. ನನಗೆ ನಾಚಿಕೆಯಾದದ್ದು ಕಂಡು ಅವರೇ ಹೇಳಿದರು: “ಎಲ್ಲಾರೂ ಹಂಗ ಮಾಡ್ತಾರ್ರಿ. ರೂಢಿ. ಹೋಗೋರು ಬರೋರು ಬಗ್ಗಿ ಹಲಗಿ ನೋಡ್ತಾರ, ನಮ್ಮವ್ರು ನೆನಪಾಕ್ಕಾರ, ಹಂಗ ಹೋಗ್ತಾರ. ನಾ ಮ್ಯಾಲ ನಿಂತ ಅವ್ರ ರುಮಾಲ ನೋಡ್ತೀನಿ. ನನ್ನ ಮಾರಿ ಯಾರೂ ನೋಡಂಗಿಲ್ಲ.”

“ನೀವ ಕರೀರಿ.”

“ಏನಂತ ಕರೀಲ್ರಿ? ಅವ್ರು ಕರೀತಿದ್ರು. ನಾ ಚಹಾ ಕೊಡಾಕಿ.”

ನಾವು ಮಾತಾಡುತ್ತಿರುವಾಗಲೇ ಸೈಕಲ್ ತಳ್ಳಿಕೊಂಡು ಬಂದವನೊಬ್ಬ, ಹಲಗೆಯ ಮುಂದೆ ತಲೆ ಬಾಗಿಸಿ, ನಿಟ್ಟುಸಿರು ಬಿಟ್ಟು ಹೋದ. ಖೈರೂನಬಿ ನನ್ನ ಕಡೆ ನೋಡಿ, ನೋಡಿದಿರಲ್ಲ ಎನ್ನುವಂತೆ ಹುಬ್ಬು ಏರಿಸಿದರು. ನಾನು ಕಿಟಕಿಯ ಚೌಕಟ್ಟನ್ನು ಸುಮ್ಮನೆ ಬೆರಳಿನಿಂದ ತಟ್ಟಿ ನೋಡಿದೆ, ಗೆದ್ದಲು ಹುಡುಕುವವನ ಹಾಗೆ.

ಅಷ್ಟರಲ್ಲಿ ಹೊಲದ ಕಡೆಯಿಂದ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಮೇವಿನ ದೊಡ್ಡ ಹೊರೆ ಹೊತ್ತು ಬಂದಳು. ಹೊರೆ ಹೊತ್ತವರಿಗೆ ಬಗ್ಗಲು ಬರುವುದಿಲ್ಲ, ಅತ್ತಿತ್ತ ಹೊರಳಲೂ ಬರುವುದಿಲ್ಲ. ಕುತ್ತಿಗೆ ನೆಟ್ಟಗೆ ಹಿಡಿದು ಬಂದವಳು ಕಿಟಕಿಯ ಮುಂದೆ ಮೈಯನ್ನೇ ಇತ್ತ ತಿರುಗಿಸಿ ನಿಂತಳು. ಅವಳ ಕಣ್ಣು ನೇರ ಖೈರೂನಬಿಯ ಮುಖಕ್ಕೆ ಬಂದವು.

“ಏನಬೇ ಖೈರೂನ, ಊಟಾತೇನ?”

ಖೈರೂನಬಿ, ಯಾರನ್ನು ಕೇಳಿದ್ದು ಎಂಬಂತೆ ಒಮ್ಮೆ ಹಿಂದೆ, ಖಾಲಿ ಮಂಚದ ಕಡೆ, ತಿರುಗಿ ನೋಡಿದರು. ಆಮೇಲೆ ಎರಡೂ ಕೈಯನ್ನು ಕಿಟಕಿಯ ಹಲಗೆಯ ಮೇಲೆ ಊರಿ, ಸ್ವಲ್ಪ ಮುಂದೆ ಬಂದರು.

“ಇಲ್ಲಬೇ, ಇನ್ನ ಮಾಡಬೇಕು. ನಿಂದು?”